ಟೈಫೂನ್ ವಿಮಾನ ಮತ್ತು ಅದರ ಎಂಜಿನ್ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ವಿಮಾನ ಅಂದ ಕೂಡಲೇ ಜನ ಸ್ಪಿಟ್‌ಫೈರ್ ಹೆಸರು ಹೇಳುತ್ತಾರೆ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಹಾಕರ್ ಟೈಫೂನ್. ಅದಕ್ಕೆ ಕಾರಣ ಅದರ ಎಂಜಿನ್. ಆ ಎಂಜಿನ್ ಕಥೆ ಶುರು ಮಾಡಿದರೆ ಕೇಳುವವರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಹಾಕುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಟೈಫೂನ್ ಅಂದರೆ ಯಾವ ವಿಮಾನ?

ಬ್ರಿಟನ್ನಿನ ಹಾಕರ್ ಕಂಪನಿಯ ಫೈಟರ್. ಅದೇ ಕಂಪನಿಯ ಹರಿಕೇನ್ ಫೈಟರ್ ಮಾಡಿದ ಸಿಡ್ನಿ ಕ್ಯಾಮ್ ಅವರದೇ ವಿನ್ಯಾಸ. ಹರಿಕೇನ್ ಎಂಜಿನ್ನಿಗೆ ಸಾವಿರ ಚಿಲ್ಲರೆ ಎಚ್‌ಪಿ ಇತ್ತು. ಇದಕ್ಕೆ ಅದರ ದುಪ್ಪಟ್ಟು, ಅಂದರೆ 2000 ಎಚ್‌ಪಿ ಮೀರಿದ ಎಂಜಿನ್. ತುಂಬಿಸಿದಾಗ ತೂಕ ಐದು ಟನ್. ರೆಕ್ಕೆಯಲ್ಲಿ ನಾಲ್ಕು 20 ಮಿಮೀ ಫಿರಂಗಿ. ಮೊದಮೊದಲ ಟೈಫೂನ್‌ಗಳಿಗೆ ಕಾರಿನ ಹಾಗೆ ಪಕ್ಕದಲ್ಲಿ ಬಾಗಿಲು, ಅದಕ್ಕೆ ಹ್ಯಾಂಡಲ್ ತಿರುಗಿಸಿ ಇಳಿಸುವ ಗಾಜು! ಫೈಟರ್ ವಿಮಾನಕ್ಕೆ ಅಂಬಾಸಿಡರ್ ಬಾಗಿಲು ಇಟ್ಟ ಹಾಗೆ ಅಂದುಕೊಳ್ಳಿ.

ಮೊದಲ ಹಾರಾಟ 1940ರ ಫೆಬ್ರವರಿ 24ರಂದು. ಹಾರಿಸಿದವರು ಫಿಲಿಪ್ ಲ್ಯೂಕಸ್. ಮೇ ತಿಂಗಳಲ್ಲಿ ಅವರು ಮತ್ತೆ ಹಾರುತ್ತಿದ್ದಾಗ ಸೀಟಿನ ಹಿಂದೆಯೇ ವಿಮಾನದ ಮೈ ಬಿರುಕು ಬಿಟ್ಟಿತು. ಸಂದಿನಲ್ಲಿ ಹೊರಗಿನ ಬೆಳಕು ಕಾಣುತ್ತಿತ್ತಂತೆ. ಧುಮುಕಬಹುದಿತ್ತು. ಧುಮುಕದೆ ವಿಮಾನವನ್ನು ಉಳಿಸಿ ಇಳಿಸಿದರು, ಅದಕ್ಕೆ ಜಾರ್ಜ್ ಮೆಡಲ್ ಬಂತು. ಶುರುವಿನಲ್ಲೇ ಶಕುನ ಸರಿ ಇರಲಿಲ್ಲ ಅನ್ನಿ.

ಎಂಜಿನ್ ಯಾರದ್ದು? ರೋಲ್ಸ್-ರಾಯ್ಸ್ ಯಾಕೆ ಹಾಕಲಿಲ್ಲ?

ಹಾಕಿದ್ದರು. ಒಂದೇ ವಿನ್ಯಾಸಕ್ಕೆ ಎರಡು ಎಂಜಿನ್ ಇಟ್ಟು ನೋಡಿದರು. ರೋಲ್ಸ್-ರಾಯ್ಸ್ ವಲ್ಚರ್ ಹಾಕಿದ್ದಕ್ಕೆ ಟೊರ್ನೆಡೊ ಅಂತ ಹೆಸರು, ನೇಪಿಯರ್ ಸೇಬರ್ ಹಾಕಿದ್ದಕ್ಕೆ ಟೈಫೂನ್. ಎರಡರಲ್ಲಿ ಒಂದಾದರೂ ಕೈ ಹಿಡಿಯುತ್ತದೆ ಅನ್ನುವ ಲೆಕ್ಕ. ಆದರೆ ವಲ್ಚರ್ ಕಥೆ ಇನ್ನೂ ಕೆಟ್ಟದಾಗಿತ್ತು. ಅದೇ ಎಂಜಿನ್ ಹಾಕಿದ ಮ್ಯಾಂಚೆಸ್ಟರ್ ಬಾಂಬರ್ ಆಕಾಶದಲ್ಲಿ ಮತ್ತೆ ಮತ್ತೆ ಕೈಕೊಟ್ಟಿತು. ರೋಲ್ಸ್-ರಾಯ್ಸ್‌ಗೆ ಸ್ಪಿಟ್‌ಫೈರ್, ಹರಿಕೇನ್‌ಗಳಿಗೆ ಬೇಕಾದ ಮರ್ಲಿನ್ ಎಂಜಿನ್ ಮಾಡುವುದರಲ್ಲೇ ಉಸಿರಾಡಲು ಪುರುಸೊತ್ತಿರಲಿಲ್ಲ. 1941ರಲ್ಲಿ ವಲ್ಚರ್ ಕೈಬಿಟ್ಟರು, ಜೊತೆಗೇ ಟೊರ್ನೆಡೊ ಕೂಡ ಹೋಯಿತು. ಉಳಿದದ್ದು ಸೇಬರ್ ಒಂದೇ.

ಇದನ್ನು ಮರೆಯಬೇಡಿ. ಮುಂದೆ ಸೇಬರ್ ಎಷ್ಟೇ ಕಾಟ ಕೊಟ್ಟರೂ ಅವರಿಗೆ ಬದಲಿ ಅನ್ನುವುದು ಇರಲಿಲ್ಲ.

ಸೇಬರ್‌ನಲ್ಲಿ ಅಂಥ ವಿಶೇಷ ಏನಿತ್ತು?

24 ಸಿಲಿಂಡರ್, 36.7 ಲೀಟರ್. ಎದುರುಬದುರು ಮಲಗಿಸಿದ ಸಿಲಿಂಡರುಗಳ ಒಂದು ಎಂಜಿನ್, ಅದರ ಮೇಲೆ ಇನ್ನೊಂದು. ಎರಡು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ ಆಟವನ್ನು ಸುತ್ತಾಗಿ ಬದಲಿಸುವ ದಂಡ), ಎರಡನ್ನೂ ಗೇರಿನಿಂದ ಒಂದೇ ಪ್ರೊಪೆಲ್ಲರಿಗೆ ಜೋಡಿಸಿದ್ದಾರೆ. ಮುಂದಿನಿಂದ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರವನ್ನು ಅಡ್ಡ ಮಲಗಿಸಿದ ಹಾಗೆ. ವಿನ್ಯಾಸ ಫ್ರಾಂಕ್ ಹಾಲ್ಫರ್ಡ್ ಅವರದು. ನಿಮಿಷಕ್ಕೆ 3700 ಸುತ್ತು. ಅಷ್ಟು ದೊಡ್ಡ ವಿಮಾನ ಎಂಜಿನ್ನಿಗೆ ಆ ಕಾಲದಲ್ಲಿ ಇದು ವಿಪರೀತ ವೇಗ.

ಆದರೆ ನಿಜವಾದ ವಿಶೇಷ, ನಿಜವಾದ ತಲೆನೋವು ಎರಡೂ ಒಂದೇ: ಸ್ಲೀವ್ ವಾಲ್ವ್.

ಸ್ಲೀವ್ ವಾಲ್ವ್ ಅಂದರೇನು? ಎಂಜಿನಿಯರಿಂಗ್ ಗೊತ್ತಿಲ್ಲದವರಿಗೆ ಹೇಳಿ.

ನಿಮ್ಮ ಬೈಕಿನ ಎಂಜಿನ್ನಿನಲ್ಲಿ ವಾಲ್ವ್ ಇರುತ್ತದಲ್ಲ, ಅಣಬೆ ಆಕಾರದ್ದು. ಮೇಲೆ ಕೆಳಗೆ ಆಡುತ್ತಾ ಗಾಳಿ-ಪೆಟ್ರೋಲ್ ಒಳಗೆ ಬಿಡುತ್ತದೆ, ಹೊಗೆ ಹೊರಗೆ ಬಿಡುತ್ತದೆ. ಸ್ಲೀವ್ ವಾಲ್ವ್ ಎಂಜಿನ್ನಿನಲ್ಲಿ ಅಣಬೆಯೇ ಇಲ್ಲ. ಬದಲಿಗೆ ತಳ ಇಲ್ಲದ ಸ್ಟೀಲ್ ಲೋಟ ಒಂದನ್ನು ಊಹಿಸಿಕೊಳ್ಳಿ. ಲೋಟದ ಗೋಡೆಯಲ್ಲಿ ಕಿಟಕಿಗಳಂತೆ ತೂತುಗಳು. ಈ ಲೋಟ ಸಿಲಿಂಡರಿನ ಒಳಗೆ, ಪಿಸ್ಟನ್ ಲೋಟದ ಒಳಗೆ. ಪಿಸ್ಟನ್ ಆಡುತ್ತಿರುವಾಗಲೇ ಲೋಟವೂ ಮೇಲೆ ಕೆಳಗೆ ಆಡುತ್ತದೆ, ಜೊತೆಗೆ ಸ್ವಲ್ಪ ಅತ್ತಿತ್ತ ತಿರುಗುತ್ತದೆ. ಲೋಟದ ಕಿಟಕಿ ಸಿಲಿಂಡರಿನ ಕಿಟಕಿಗೆ ಸರಿಯಾಗಿ ಬಂದಾಗ ದಾರಿ ತೆರೆದುಕೊಳ್ಳುತ್ತದೆ.

ಲಾಭ ಏನು? ಉರಿಯುವ ಬೆಂಕಿಯ ನಡುವೆ ಕೆಂಪಗೆ ಕಾಯುವ ವಾಲ್ವ್ ಇರುವುದಿಲ್ಲ. ಸ್ಪ್ರಿಂಗ್ ಇಲ್ಲ, ಎಂಜಿನ್ ತಲೆ ಪುಟ್ಟದಾಗುತ್ತದೆ, ಗಾಳಿ ಸಲೀಸಾಗಿ ಹೋಗುತ್ತದೆ. ಕಷ್ಟ ಏನು? ಒಂದು ತೆಳು ಲೋಟ, ಒಳಗೂ ಹೊರಗೂ ಉಜ್ಜಿಕೊಳ್ಳುತ್ತಾ ಇರಬೇಕು. ಅದರ ದುಂಡು ಕೂದಲೆಳೆಯಷ್ಟೂ ಕೆಡಬಾರದು. ಅಂಥ ಲೋಟ ಒಂದು ಎಂಜಿನ್ನಿಗೆ 24.

ಪರೀಕ್ಷೆಯಲ್ಲಿ ಪಾಸಾದ ಎಂಜಿನ್ ಸ್ಕ್ವಾಡ್ರನ್‌ಗೆ (ವಾಯುಪಡೆಯ ತುಕಡಿಗೆ) ಹೋದ ಮೇಲೆ ಯಾಕೆ ಕೈಕೊಟ್ಟಿತು?

ಇದೇ ನೋಡಿ ಮುಖ್ಯ ಪ್ರಶ್ನೆ.

ಸೇಬರ್ 1940ರ ಜೂನ್‌ನಲ್ಲಿ ಸರ್ಕಾರದ 100 ಗಂಟೆ ಪರೀಕ್ಷೆ ಪಾಸಾಗಿತ್ತು. ಸುಳ್ಳು ಪಾಸಲ್ಲ, ನಿಜವಾದ ಪಾಸು. ಆದರೆ ಪರೀಕ್ಷೆಗೆ ಕೂತಿದ್ದು ನೇಪಿಯರ್ ಕಂಪನಿಯ ನುರಿತ ಕೆಲಸಗಾರರು ಕೈಯಾರೆ ಜೋಡಿಸಿದ ಎಂಜಿನ್. ಒಂದೊಂದು ಸ್ಲೀವನ್ನೂ ಉಜ್ಜಿ, ಅಳೆದು, ಮತ್ತೆ ಉಜ್ಜಿ ಕೂರಿಸಿದ್ದು. ಆಮೇಲೆ ಯುದ್ಧಕ್ಕೆ ಸಾವಿರಗಟ್ಟಲೆ ಬೇಕು ಅಂದಾಗ ಅದೇ ಎಂಜಿನ್ನನ್ನು ಕಾರ್ಖಾನೆಯಲ್ಲಿ ಮೆಶಿನ್ ಮೇಲೆ ಸಾಲಾಗಿ ಮಾಡಬೇಕಾಯಿತು. ಹಳೆಯ ಕೈಗಳ ಚಳಕ ಆ ಮೆಶಿನ್‌ಗಳಿಗೆ ಬರಲಿಲ್ಲ. ಸ್ಲೀವ್‌ಗಳು ದುಂಡಗೆ ಬರಲಿಲ್ಲ. ಬಂದವೂ ಎಂಜಿನ್ ಬಿಸಿಯಾದಾಗ ಸೊಟ್ಟಗಾದವು.

ನಮ್ಮ ಮನೆ ಹತ್ತಿರ ಒಂದು ಲೇತ್ ಅಂಗಡಿ ಇತ್ತು. ಬೈಕ್ ಎಂಜಿನ್ ಬೋರ್ ಮಾಡಿಕೊಡುವುದೇ ಅವರ ಕೆಲಸ. ಒಮ್ಮೆ ನನ್ನ ಹಳೇ ಬೈಕ್ ರಸ್ತೆ ಮಧ್ಯದಲ್ಲೇ ಜಾಮ್ ಆಗಿ ಅಲ್ಲಿಗೆ ತಳ್ಳಿಕೊಂಡು ಹೋಗಿದ್ದೆ. ಅಂಗಡಿ ಯಜಮಾನರು ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಳಗೆ ಗೇಜ್ ಇಳಿಸಿದರು. ಉದ್ದಕ್ಕೆ ಅಳೆದರು, ಅಡ್ಡಕ್ಕೆ ಅಳೆದರು. ಮುಳ್ಳು ಎರಡು ಗೆರೆ ಸರಿಯಿತು. "ಓವಲ್ ಆಗಿದೆ ಸಾರ್" ಅಂದರು. ನನ್ನ ಕಣ್ಣಿಗೆ ಅದು ಬಳೆಯಷ್ಟೇ ದುಂಡಗಿತ್ತು. ಆ ಎರಡು ಗೆರೆಯಿಂದ ಪಿಸ್ಟನ್ ಕಚ್ಚಿಕೊಂಡಿತ್ತು. ನನಗೆ ಆದ ನಷ್ಟ ಅಂದರೆ ಎರಡು ಕಿಲೋಮೀಟರ್ ತಳ್ಳಿದ್ದು. ಇಂಗ್ಲಿಷ್ ಕಾಲುವೆಯ ಮೇಲೆ ಹಾರುತ್ತಿದ್ದವನಿಗೆ ತಳ್ಳಲು ರಸ್ತೆ ಎಲ್ಲಿಂದ ಬರಬೇಕು?

ಸ್ಲೀವ್ ಒಂದೇ ಅಲ್ಲ, ಒಟ್ಟಾರೆ ತಯಾರಿಕೆಯೂ ಕಳಪೆಯಾಗಿತ್ತು. ಸರಿಯಾಗಿ ತೊಳೆಯದ ಎರಕದ ಭಾಗಗಳು, ಮುರಿದ ಪಿಸ್ಟನ್ ರಿಂಗ್, ಎಂಜಿನ್ ಒಳಗೇ ಬಿಟ್ಟ ಲೋಹದ ಚೂರುಗಳು ಸಿಕ್ಕಿದ್ದುಂಟು. ವಿನ್ಯಾಸದ ತಪ್ಪು ಅಂತ ತುಂಬಾ ಜನ ಬರೆಯುತ್ತಾರೆ. ನಾನು ಒಪ್ಪಲ್ಲ. ನನ್ನ ಲೆಕ್ಕದಲ್ಲಿ ಸೇಬರ್ ಸೋತದ್ದು ಡ್ರಾಯಿಂಗ್ ಬೋರ್ಡಿನ ಮೇಲಲ್ಲ, ಗ್ರೈಂಡಿಂಗ್ ಮೆಶಿನ್ ಮೇಲೆ.

ಎಂಜಿನ್ 25 ಗಂಟೆ ಮಾತ್ರ ಬಾಳುತ್ತಿತ್ತು ಅನ್ನುವುದು ನಿಜವಾ?

ಶುರುವಿನ ಸೇಬರ್‌ಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಲೆಕ್ಕ ಅದೇ. 25 ಗಂಟೆಗೆ ಎಂಜಿನ್ ಇಳಿಸಿ ಬಿಚ್ಚಬೇಕು. ಅಲ್ಲಿಯವರೆಗೂ ಬರದೆ ಹೋದವೂ ಇದ್ದವು. ಸೇವೆಗೆ ಬಂದ ಮೊದಲ ಒಂಬತ್ತು ತಿಂಗಳಲ್ಲಿ ಶತ್ರುವಿನ ಗುಂಡಿಗಿಂತ ಎಂಜಿನ್ ಮತ್ತು ಮೈಕಟ್ಟಿನ ದೋಷಕ್ಕೇ ಜಾಸ್ತಿ ಟೈಫೂನ್ ಹೋದವು ಅಂತ ಹೇಳುತ್ತಾರೆ.

ಸ್ಟಾರ್ಟ್ ಮಾಡುವುದೇ ಒಂದು ಯುದ್ಧ ಅಂತಾರಲ್ಲ?

ಹೌದು. ಬಂದೂಕಿನ ತೋಟಾದಂಥದ್ದನ್ನು ಸಿಡಿಸಿ, ಆ ಹೊಡೆತಕ್ಕೆ ಎಂಜಿನ್ ತಿರುಗಿಸುವ ಕಾಫ್‌ಮನ್ ಸ್ಟಾರ್ಟರ್ ಇದಕ್ಕಿತ್ತು. ಮೊದಲು ಅಳೆದು ಪೆಟ್ರೋಲ್ ಪಂಪ್ ಮಾಡಬೇಕು. ಕಡಿಮೆಯಾದರೆ ಸ್ಟಾರ್ಟ್ ಆಗಲ್ಲ, ತೋಟಾ ದಂಡ. ಜಾಸ್ತಿಯಾದರೆ ಗಾಳಿ ಒಳಹೋಗುವ ಬಾಯಲ್ಲಿ ಬೆಂಕಿ. ಅದಕ್ಕೇ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ನಿಂತಿರಲೇಬೇಕು.

ಚಳಿಗಾಲದಲ್ಲಂತೂ ಕೇಳಲೇಬೇಡಿ. ಆಯಿಲ್ ಗಟ್ಟಿಯಾಗಿ 24 ಸ್ಲೀವ್‌ಗಳೂ ಅಂಟಿಕೊಂಡರೆ ಬೆಳಗ್ಗೆ ಎಂಜಿನ್ ಅಲುಗುವುದಿಲ್ಲ. ಹಾಗಾಗಿ ಮೆಕ್ಯಾನಿಕ್‌ಗಳು ರಾತ್ರಿಯಿಡೀ ಎರಡೆರಡು ಗಂಟೆಗೊಮ್ಮೆ ಎದ್ದು ಒಂದೊಂದೇ ವಿಮಾನದ ಎಂಜಿನ್ ಓಡಿಸಿ ಬೆಚ್ಚಗಿಡುತ್ತಿದ್ದರು. ಹಸುಗೂಸಿಗೆ ಹಾಲು ಕುಡಿಸಿದ ಹಾಗೆ. ಯುದ್ಧದ ಪುಸ್ತಕಗಳಲ್ಲಿ ಪೈಲಟ್‌ಗಳ ಫೋಟೊ ಇರುತ್ತದೆ, ಇವರದ್ದು ಇರುವುದಿಲ್ಲ.

ಕಾಕ್‌ಪಿಟ್ಟಿಗೆ ವಿಷದ ಗಾಳಿ ಬರುತ್ತಿತ್ತಾ?

ಬರುತ್ತಿತ್ತು. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಸಂದುಗಳಿಂದ ಒಳಗೆ ಸೇರುತ್ತಿತ್ತು. ವಾಸನೆ ಇಲ್ಲ, ಬಣ್ಣ ಇಲ್ಲ. ಡಕ್ಸ್‌ಫರ್ಡ್‌ನಲ್ಲಿದ್ದ 56ನೇ ಸ್ಕ್ವಾಡ್ರನ್ 1941ರ ಸೆಪ್ಟೆಂಬರಿನಲ್ಲಿ ಮೊದಲ ಟೈಫೂನ್ ಪಡೆಯಿತು. ನವೆಂಬರ್ 1ಕ್ಕೇ ಅಲ್ಲಿನ ಒಬ್ಬ ಪೈಲಟ್ ಇದರಿಂದ ಸತ್ತ. ಹೊಗೆ ಕೊಳವೆಗಳನ್ನು ಉದ್ದ ಮಾಡಿದರು, ಸಂದುಗಳನ್ನು ಮುಚ್ಚಿದರು. ಆದರೂ ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಉಳಿದ ಉಪಾಯ ಒಂದೇ: ಎಂಜಿನ್ ಸ್ಟಾರ್ಟ್ ಆದ ಕ್ಷಣದಿಂದ ಆಫ್ ಆಗುವವರೆಗೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡೇ ಇರಬೇಕು, ನೆಲದ ಮೇಲಿದ್ದರೂ ಸರಿ.

ಬಾಲ ಕಳಚಿ ಬೀಳುತ್ತಿದ್ದುದೂ ಎಂಜಿನ್ನಿನಿಂದಲೇ?

ಅಲ್ಲ. ಅದು ಬೇರೆ ರೋಗ. ಬಾಲದಲ್ಲಿ ಎಲಿವೇಟರ್ ಅಂತ ಒಂದು ಆಡುವ ಪಟ್ಟಿ ಇರುತ್ತದೆ, ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವುದು ಅದೇ. ಅದರ ಸಮತೋಲದ ತೂಕ ಹಿಡಿದಿಡುವ ಬ್ರಾಕೆಟ್ ದಣಿದು ಮುರಿದರೆ ಬಾಲ ನಡುಗಿ ಕಿತ್ತು ಹೋಗುತ್ತಿತ್ತು. 1942ರ ಆಗಸ್ಟಿನಲ್ಲಿ ಹಾಕರ್ ಕಂಪನಿಯ ಟೆಸ್ಟ್ ಪೈಲಟ್ ಕೆನೆತ್ ಸೆತ್-ಸ್ಮಿತ್ ಸತ್ತದ್ದು ಹೀಗೆಯೇ. ಕಾರಣ ಪೂರ್ತಿ ಗೊತ್ತಾಗುವ ಮೊದಲೇ ಬಾಲದ ಜೋಡಣೆಯ ಸುತ್ತ ಲೋಹದ ಪಟ್ಟಿಗಳನ್ನು ರಿವೆಟ್ ಹೊಡೆದು ಬಿಗಿದರು. ಹರಿದ ಚೀಲಕ್ಕೆ ತೇಪೆ ಹಾಕಿದಂತೆ ಕಾಣುತ್ತಿತ್ತು.

ಸಮುದ್ರದ ಮೇಲೆ ಎಂಜಿನ್ ನಿಂತರೆ ಪೈಲಟ್ ಏನು ಮಾಡಬೇಕಿತ್ತು?

ಎತ್ತರ ಇದ್ದರೆ ಪ್ಯಾರಾಚೂಟ್. ನೀರಿನ ಮೇಲೆ ಇಳಿಸುವ ಮಾತೇ ಇಲ್ಲ. ಟೈಫೂನ್ ಗದ್ದದ ಕೆಳಗೆ ದೊಡ್ಡ ರೇಡಿಯೇಟರ್ ಇದೆ. ನೀರಿಗೆ ತಾಗಿದ ಕೂಡಲೇ ಅದು ಬಕೆಟ್ಟಿನ ಹಾಗೆ ನೀರು ಮೊಗೆದು ಮೂತಿಯನ್ನು ಕೆಳಗೆ ಎಳೆದುಬಿಡುತ್ತಿತ್ತು.

ಇಷ್ಟೆಲ್ಲ ಇದ್ದೂ ಯಾಕೆ ಬಿಸಾಕಲಿಲ್ಲ?

ಬಿಸಾಕುವ ಮಾತು 1942ರ ಕೊನೆ ಹೊತ್ತಿಗೆ ಜೋರಾಗಿಯೇ ನಡೆದಿತ್ತು. ಎತ್ತರದಲ್ಲಿ ಟೈಫೂನ್ ಹಿಂದೆ ಬೀಳುತ್ತಿತ್ತು, ದಪ್ಪ ರೆಕ್ಕೆ ಬೇರೆ. ಅದರ ಅದೃಷ್ಟಕ್ಕೆ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನಗಳು ಆಗ ಅಲೆಗಳಿಗೆ ಅಂಟಿದಂತೆ ಹಾರಿ ಬಂದು ಇಂಗ್ಲೆಂಡಿನ ದಕ್ಷಿಣ ಕರಾವಳಿ ಊರುಗಳಿಗೆ ಬಾಂಬ್ ಎಸೆದು ಓಡುತ್ತಿದ್ದವು. ಅಷ್ಟು ಕೆಳಗೆ ಅವುಗಳನ್ನು ಅಟ್ಟಿಸಿಕೊಂಡು ಹಿಡಿಯುವ ವೇಗ ಟೈಫೂನ್‌ಗೆ ಇತ್ತು. ಮ್ಯಾನ್‌ಸ್ಟನ್‌ನಲ್ಲಿದ್ದ 609ನೇ ಸ್ಕ್ವಾಡ್ರನ್ ಕಮಾಂಡರ್ ರೋಲಂಡ್ ಬೀಮಾಂಟ್ ಇದನ್ನು ಕೆಲಸದಲ್ಲಿ ತೋರಿಸಿದರು, ಮೇಲಿನವರ ಮುಂದೆ ವಾದವನ್ನೂ ಮಾಡಿದರು. ಬೀಮಾಂಟ್ ಸುಮ್ನೆ ಪೈಲಟ್ ಅಲ್ಲ. ಮೊದಲು ಹಾಕರ್ ಕಂಪನಿಯಲ್ಲೇ ಟೈಫೂನ್ ಪರೀಕ್ಷೆ ಮಾಡಿದ್ದವರು. ಅದರ ಹುಳುಕೂ ಗೊತ್ತು, ಕಸುವೂ ಗೊತ್ತು.

ಕೊನೆಗೆ ಎಂಜಿನ್ ಸರಿ ಮಾಡಿದ್ದು ಹೇಗೆ?

ಪಕ್ಕದ ಮನೆಯವರನ್ನು ಕೇಳಿಕೊಂಡು! ಬ್ರಿಸ್ಟಲ್ ಕಂಪನಿ ವರ್ಷಗಟ್ಟಲೆ ಸ್ಲೀವ್ ವಾಲ್ವ್ ಜೊತೆ ಗುದ್ದಾಡಿ, ಯಾವ ಉಕ್ಕು, ಹೇಗೆ ಗಟ್ಟಿ ಮಾಡಬೇಕು, ಹೇಗೆ ಉಜ್ಜಬೇಕು ಅಂತ ಕಂಡುಕೊಂಡಿತ್ತು. ಅವರ ಟಾರಸ್ ಎಂಜಿನ್ನಿನ ಸಿಲಿಂಡರ್ ಅಗಲ ಐದು ಇಂಚು. ಸೇಬರ್‌ನದೂ ಐದೇ ಇಂಚು. ಟಾರಸ್ ಸ್ಲೀವ್ ರೀತಿಯಲ್ಲೇ ಸೇಬರ್‌ಗೂ ಮಾಡಿ ಹಾಕಿದರು, ನಡೆಯಿತು. ಆದರೆ ಪೈಪೋಟಿಯ ಕಂಪನಿಗೆ ಗುಟ್ಟು ಬಿಟ್ಟುಕೊಡುವುದು ಯಾರಿಗೆ ಇಷ್ಟ? ಸರ್ಕಾರ ನಡುವೆ ಬಂದು ಒತ್ತಾಯ ಮಾಡಬೇಕಾಯಿತು. ಅಮೆರಿಕದಿಂದ ಒಳ್ಳೆ ಗ್ರೈಂಡಿಂಗ್ ಮೆಶಿನ್‌ಗಳೂ ಬಂದವು. 1942ರ ಡಿಸೆಂಬರಿನಲ್ಲಿ ನೇಪಿಯರ್ ಕಂಪನಿಯೇ ಇಂಗ್ಲಿಷ್ ಎಲೆಕ್ಟ್ರಿಕ್ ಅನ್ನುವ ಕಂಪನಿಯ ಕೈಗೆ ಹೋಯಿತು, ತಪಾಸಣೆ ಬಿಗಿಯಾಯಿತು.

ಆಮೇಲಿನ ಸೇಬರ್ ಬೇರೆಯೇ ಎಂಜಿನ್ ಅನ್ನಬಹುದು. 1944ರಲ್ಲಿ, ಟೈಫೂನ್ ವಿನ್ಯಾಸದಿಂದಲೇ ಬೆಳೆದ ಟೆಂಪೆಸ್ಟ್ ವಿಮಾನಗಳು ಜರ್ಮನಿಯ ವಿ-1 ಹಾರುಬಾಂಬುಗಳನ್ನು ಅಟ್ಟಿಸಿಕೊಂಡು 600ಕ್ಕೂ ಜಾಸ್ತಿ ಉರುಳಿಸಿದವು. ಅದರಲ್ಲಿದ್ದುದೂ ಸೇಬರ್ರೇ.

ನಾರ್ಮಂಡಿಯಲ್ಲಿ ಧೂಳಿನ ಗಲಾಟೆ ಏನು?

1944ರ ಜೂನ್‌ನಲ್ಲಿ ಸೇನೆ ಫ್ರಾನ್ಸಿನಲ್ಲಿ ಇಳಿದ ಮೇಲೆ ಹೊಲಗಳನ್ನೇ ಸಮ ಮಾಡಿ ರನ್‌ವೇ ಮಾಡಿದರು. ಟೈಫೂನ್ ಪ್ರೊಪೆಲ್ಲರ್ ತಿರುಗಿದರೆ ಸಾಕು, ಕೆಂಧೂಳಿ. ಆ ಧೂಳಲ್ಲಿ ಮರಳಿನಂಥ ಗಟ್ಟಿ ಕಣ. ಸ್ಲೀವ್ ಮತ್ತು ಸಿಲಿಂಡರ್ ನಡುವೆ ಅದು ಸೇರಿದರೆ ಉಜ್ಜುಕಾಗದವೇ ಬೇಡ. ಕೆಲವೇ ದಿನದಲ್ಲಿ ಎಂಜಿನ್‌ಗಳು ಸವೆದು ಹೋಗತೊಡಗಿದವು. ಗಡಿಬಿಡಿಯಲ್ಲಿ ಗಾಳಿ ಫಿಲ್ಟರ್ ಮಾಡಿಸಿ ಕೂರಿಸಿದರು. ಎರಡು ವರ್ಷ ಒದ್ದಾಡಿ ಒಂದು ದಾರಿಗೆ ತಂದ ಎಂಜಿನ್, ಹೊಲದ ಮಣ್ಣಿಗೆ ಮತ್ತೆ ಶುರುವಿಗೇ ಬಂತು ಅಂದುಕೊಂಡಿರಬೇಕು ಆ ಮೆಕ್ಯಾನಿಕ್‌ಗಳು.

ಬೇರೆ ದೇಶಗಳಿಗೆ ಈ ಕಾಟ ಇರಲಿಲ್ಲವಾ?

ಇತ್ತು, ಧಾರಾಳವಾಗಿ. ಯುದ್ಧ ಅಂದರೆ ಎಲೆ ಹಾಕಿ ಕೂರಿಸಿದ ಮೇಲೆ ಅನ್ನಕ್ಕಿಟ್ಟ ಹಾಗೆ. ಯಾರಿಗೂ ಬೇಯುವವರೆಗೆ ಕಾಯುವ ಪುರುಸೊತ್ತಿಲ್ಲ.

ಟೈಫೂನ್ ಅಟ್ಟಿಸುತ್ತಿದ್ದ ಆ ಫೋಕೆ-ವುಲ್ಫ್ 190ನ್ನೇ ನೋಡಿ. ಅದರ ಮೊದಲ ಮಾದರಿಯಲ್ಲಿ ಕಾಕ್‌ಪಿಟ್ ಬಿಸಿ 55 ಡಿಗ್ರಿ ಮುಟ್ಟಿತ್ತು. ಮುಂದೆ ಹಾಕಿದ ಬಿಎಂಡಬ್ಲ್ಯು 801 ಎಂಜಿನ್ನಿನಲ್ಲಿ 14 ಸಿಲಿಂಡರ್ ಎರಡು ಸಾಲಿನಲ್ಲಿವೆ. ಮುಂದಿನ ಸಾಲಿಗೆ ಗಾಳಿ ಸಿಗುತ್ತದೆ, ಹಿಂದಿನದು ಕಾದು ಕೆಂಡ. 1941ರಲ್ಲಿ ಜರ್ಮನಿಯ ರೆಖ್ಲಿನ್‌ನಲ್ಲಿ ಪರೀಕ್ಷಾ ತಂಡ ಕೂತು, ಸುಮಾರು 50 ಬದಲಾವಣೆ ಮಾಡಿದ ಮೇಲೆ ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು.

ನನಗೆ ತುಂಬಾ ಇಷ್ಟದ ಕಥೆ ಮೆಸ್ಸರ್‌ಷ್ಮಿಟ್ 262 ಜೆಟ್‌ನದು. 1942ರ ಮಾರ್ಚ್ 25ರಂದು ಅದಕ್ಕೆ ಹೊಸ ಜೆಟ್ ಎಂಜಿನ್ ಎರಡನ್ನೂ ಕಟ್ಟಿ ಹಾರಿಸಿದರು. ಯಾರೋ ಜಾಣರು ಮೂತಿಯಲ್ಲಿದ್ದ ಹಳೇ ಪ್ರೊಪೆಲ್ಲರ್ ಎಂಜಿನ್ನನ್ನು ತೆಗೆಯದೆ ಬಿಟ್ಟಿದ್ದರು. ಮೇಲೇರಿದ ಸ್ವಲ್ಪ ಹೊತ್ತಿಗೇ ಎರಡೂ ಜೆಟ್‌ಗಳು ಬಂದ್. ಪೈಲಟ್ ಫ್ರಿಟ್ಸ್ ವೆಂಡೆಲ್ ಆ ಹಳೇ ಎಂಜಿನ್ನನ್ನೇ ನಂಬಿಕೊಂಡು ತಿರುಗಿ ಬಂದು ಇಳಿದರು.

ಜಪಾನಿನ ಕವಾಸಾಕಿಯವರದು ಇನ್ನೊಂದು ಬಗೆ. ಹಿಯೆನ್ ಫೈಟರ್‌ನ ಹೊಸ ಮಾದರಿಗೆ ಬೇಕಾದಷ್ಟು ಎಂಜಿನ್ ಬರಲಿಲ್ಲ. ಎಂಜಿನ್ ಇಲ್ಲದ 275 ವಿಮಾನದ ಮೈಗಳು ಸಾಲಾಗಿ ನಿಂತಿದ್ದವು. 1945ರಲ್ಲಿ ಅವಕ್ಕೆ ಮಿತ್ಸುಬಿಷಿಯ ಗಾಳಿ ತಂಪಿನ ಎಂಜಿನ್ ಜೋಡಿಸಿದರು. ಮೂಲಕ್ಕಿಂತ ಅದೇ ಚೆನ್ನಾಗಿ ಓಡಿತು!

ನಮ್ಮ ಕಡೆಗೆ ಇದರ ನಂಟು ಏನಾದರೂ ಇದೆಯಾ?

ಎರಡು ಇವೆ. ಒಂದು, ಟೈಫೂನ್ ತಮ್ಮನಾದ ಟೆಂಪೆಸ್ಟ್. ಅದರ ಎರಡನೇ ಮಾದರಿ ಭಾರತೀಯ ವಾಯುಪಡೆಯಲ್ಲಿತ್ತು, 1947-48ರ ಕಾಶ್ಮೀರ ಯುದ್ಧದಲ್ಲಿ ಹಾರಿತು. ಅದರಲ್ಲಿ ಸೇಬರ್ ಇರಲಿಲ್ಲ. ಬ್ರಿಸ್ಟಲ್ ಸೆಂಟಾರಸ್ ಇತ್ತು. ಅದೂ ಸ್ಲೀವ್ ವಾಲ್ವ್ ಎಂಜಿನ್ನೇ, ಸ್ಲೀವ್ ಮಾಡಲು ನಿಜವಾಗಿ ಬರುತ್ತಿದ್ದವರ ಕೈಯದ್ದು.

ಇನ್ನೊಂದು ಸ್ವಲ್ಪ ಸುತ್ತುಬಳಸಿನದು. ಮಾರ್ಟಿನ್-ಬೇಕರ್ ಅಂತ ಒಂದು ಪುಟ್ಟ ಕಂಪನಿ ಎಂಬಿ-3 ಹೆಸರಿನ ಫೈಟರ್ ಮಾಡಿ ಅದಕ್ಕೂ ಸೇಬರ್ ಎಂಜಿನ್ ಹಾಕಿತ್ತು. 1942ರ ಸೆಪ್ಟೆಂಬರ್ 12ರಂದು ಟೇಕಾಫ್ ಆದ ಕೂಡಲೇ ಎಂಜಿನ್ ನಿಂತಿತು. ಹಾರಿಸುತ್ತಿದ್ದವರು ಕಂಪನಿಯ ಪಾಲುದಾರ ವ್ಯಾಲೆಂಟೈನ್ ಬೇಕರ್. ಅವರು ಉಳಿಯಲಿಲ್ಲ. ಗೆಳೆಯನನ್ನು ಕಳೆದುಕೊಂಡ ಜೇಮ್ಸ್ ಮಾರ್ಟಿನ್ ಆಮೇಲೆ ಪೈಲಟ್ ಜೀವ ಉಳಿಸುವುದರ ಹಿಂದೆ ಬಿದ್ದರು, ಪೈಲಟ್‌ನನ್ನು ಹೊರಗೆ ಎಸೆಯುವ ಸೀಟು ಮಾಡಿದರು. ಬೇಕರ್ ಹೆಸರನ್ನು ಕಂಪನಿಯಿಂದ ತೆಗೆಯಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ವಿಮಾನದಲ್ಲಿ ಪೈಲಟ್ ಕೂರುವುದು ಮಾರ್ಟಿನ್-ಬೇಕರ್ ಸೀಟಿನ ಮೇಲೆಯೇ.

ಈಗ ಟೈಫೂನ್ ನೋಡಬೇಕೆಂದರೆ ಎಲ್ಲಿ ಹೋಗಬೇಕು?

3300ಕ್ಕೂ ಜಾಸ್ತಿ ಮಾಡಿದ್ದರು. ಪೂರ್ತಿಯಾಗಿ ಉಳಿದದ್ದು ಒಂದೇ ಒಂದು, ನಂಬರ್ ಎಂಎನ್235. ಅದು ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನದು. ಪರೀಕ್ಷೆ ಮಾಡಿ ನೋಡಲೆಂದು 1944ರಲ್ಲಿ ಅದನ್ನು ಅಮೆರಿಕಕ್ಕೆ ಕಳಿಸಿದ್ದರು. ಅಲ್ಲಿ ಬೆರಳೆಣಿಕೆಯಷ್ಟು ಗಂಟೆ ಹಾರಿ ಗೋದಾಮು ಸೇರಿತು. 1968ರಲ್ಲಿ ಅಮೆರಿಕದವರಿಗೆ ಒಂದು ಹರಿಕೇನ್ ಕೊಟ್ಟು ಇದನ್ನು ವಾಪಸ್ ತಂದರು.